ನಂದಗಡದಲ್ಲಿ ನಿಂತು ಸೈಕೋಪಥಿಯನ್ನು ನೋಡಿದರೆ

1831ರ ಜನವರಿ 26ರಂದು ಕಂಪನಿ ಸರ್ಕಾರವು ಅಪರಾಧಿಯೆಂದು ನಿರ್ಣಯಿಸಿ ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಸಮಾಧಿಯು ಖಾನಾಪುರ ತಾಲೂಕಿನ ನಂದಗಡದಲ್ಲಿದ್ದು, ಅಲ್ಲಿಯ ಆಲದ ಮರಕ್ಕೆ ಸಂತಾನಾಪೇಕ್ಷಿಗಳು ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುವರು. ಕಿತ್ತೂರು ಸಂಸ್ಥಾನಕ್ಕಾಗಿ ಬಂಡೆದ್ದ ಅವನು ಕಂಪನಿಯ ಕಚೇರಿಗಳನ್ನು ಸುಟ್ಟದ್ದೂ ಖಜಾನೆಗಳನ್ನು ಸೂರೆಮಾಡಿದ್ದೂ ನಿಜವೇ. ಬಂಧನಾರ್ಹ ಕೃತ್ಯಗಳ ಪುನರಾವೃತ್ತಿಯನ್ನು ಸಮಾಜವಿರೋಧಿ ವ್ಯಕ್ತಿತ್ವದ ಲಕ್ಷಣಗಳಲ್ಲೊಂದಾಗಿ ಎಣಿಸುವ ಇಂದಿನ ವೈದ್ಯಕೀಯ ಪಟ್ಟಿಯನ್ನು ಕಣ್ಣುಮುಚ್ಚಿ ಅನ್ವಯಿಸುವವನು ಆ ವೀರನ ಹೆಸರಿನೆದುರಿಗೂ ಒಂದು ಗುರುತು ಹಾಕಬೇಕಾದೀತು!

ಶಾಸನೋಲ್ಲಂಘನೆಗಿಂತ ಆಳವಾದ ಲಕ್ಷಣವನ್ನು ವೈದ್ಯರು ಹುಡುಕಿಲ್ಲವೆಂದಲ್ಲ. ರಾಯಣ್ಣನು ಮಡಿದ 4 ವರ್ಷಗಳ ತರುವಾಯ, 1835ರಲ್ಲಿ, ಇಂಗ್ಲೆಂಡಿನ ಜೇಮ್ಸ್ ಪ್ರಿಚರ್ಡ್ ಎಂಬ ವೈದ್ಯನು ಬುದ್ಧಿ ಕೆಡದೆ ಭಾವ ಹಾಗೂ ಶೀಲಗಳು ಮಾತ್ರ ವಿಕೃತವಾದ ಸ್ಥಿತಿಯನ್ನು ನೈತಿಕ ಉನ್ಮಾದವೆಂದು ವರ್ಣಿಸಿದನು. 1941ರಲ್ಲಿ ಅಮೆರಿಕದ ಹರ್ವಿ ಕ್ಲೆಕ್ಲಿಯು, ಮಾತಿನಲ್ಲಿ ಮಾಧುರ್ಯವೂ ವಿಚಾರದಲ್ಲಿ ಸುಸಂಬದ್ಧತೆಯೂ ಇದ್ದು, ಪಶ್ಚಾತ್ತಾಪವಾಗಲಿ ಪ್ರೀತಿಯಾಗಲಿ ಇಲ್ಲದ ಮನುಷ್ಯನನ್ನು ಸೈಕೋಪಾತ್ ಎಂಬ ಹೆಸರಿನಲ್ಲಿ ಚಿತ್ರಿಸಿದನು. ಕಿತ್ತೂರಿಗಾಗಿ ಪ್ರಾಣತೆತ್ತವನ ನಿಷ್ಠೆ ಈ ಚಿತ್ರಕ್ಕೆ ಹೊಂದದು ಎಂಬುದೇ ನಮಗೆ ಸಮಾಧಾನ.

ಅನಂತರ ಕೆನಡಾದ ರಾಬರ್ಟ್ ಹೇರ್ ರೂಪಿಸಿದ ಸೈಕೋಪಥಿಯ ಮಾಪನದಲ್ಲಿ 20 ಲಕ್ಷಣಗಳು, ಒಂದೊಂದಕ್ಕೆ 0ಯಿಂದ 2ರ ವರೆಗೆ ಅಂಕ, ಒಟ್ಟು 40. ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ 30ನ್ನು ಗಡಿಯೆಂದು ಹಿಡಿದರೆ, ಯುರೋಪಿನ ಅನೇಕ ಸಂಶೋಧಕರು 25ನ್ನೇ ಹಿಡಿಯುವರು. ಆದಕಾರಣ 27 ಅಂಕದವನೊಬ್ಬನು ಅಟ್ಲಾಂಟಿಕ್ ಸಾಗರವನ್ನು ದಾಟಿದ ಮಾತ್ರಕ್ಕೆ ಸೈಕೋಪಾತ್ ಎನಿಸಿಕೊಳ್ಳಬಹುದು. ಲಕ್ಷಣಗಳು ರಕ್ತದೊತ್ತಡದಂತೆ ಹೆಚ್ಚುಕಡಿಮೆಯಾಗಿ ಜನರೆಲ್ಲರಲ್ಲೂ ಹರಡಿರುವುದರಿಂದ, ಗೆರೆಯನ್ನು ಎಳೆಯುವವರು ನಾವೇ ಹೊರತು ಪ್ರಕೃತಿಯಲ್ಲ. ಭಯಗ್ರಸ್ತ ಮುಖಗಳನ್ನು ಕಂಡಾಗ ಹೆಚ್ಚು ಅಂಕ ಪಡೆದವರ ಮೆದುಳಿನ ಅಮಿಗ್ಡಲಾ ಭಾಗವು ಮಂದವಾಗಿ ಸ್ಪಂದಿಸುವುದೆಂದು ಕೆಲವು ಅಧ್ಯಯನಗಳು ಹೇಳುವುದುಂಟು. ಅದು ಗುಂಪಿನ ಸರಾಸರಿಯಷ್ಟೆ, ಒಬ್ಬನ ಜಾತಕವಲ್ಲ.

ನ್ಯಾಯಶಾಸ್ತ್ರದ ಪ್ರಶ್ನೆಯಂತೂ ಬೇರೆಯೇ. ಹಿಂದಿನ ಭಾರತೀಯ ದಂಡಸಂಹಿತೆಯ 84ನೆಯ ಕಲಮು, ಅರ್ಥಾತ್ ಈಗಿನ ನ್ಯಾಯ ಸಂಹಿತೆಯ 22ನೆಯದು, ಚಿತ್ತಸ್ವಾಸ್ಥ್ಯವಿಲ್ಲದ್ದರಿಂದ ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ತಿಳಿಯಲಾರದವನಿಗೆ ವಿನಾಯಿತಿ ನೀಡುವುದು. ಸೈಕೋಪಾತನಾದರೋ ತಿಳಿದೇ ಮಾಡುವವನು, ಆದಕಾರಣ ಅವನ ಪಾಲಿಗೆ ಸೆರೆಮನೆಯೇ.

ಹೇರ್ ತನ್ನ ಮಾಪನವನ್ನು ರೂಪಿಸಿದ್ದು ಕೈದಿಗಳ ನಡುವೆ, ಮತ್ತು ಸೆರೆಮನೆಯು ಮನಸ್ಸಿನ ವಿಷಯದಲ್ಲಿ ತಟಸ್ಥವಾದ ಪ್ರಯೋಗಶಾಲೆಯಲ್ಲ. ಬೆಳಗಾವಿ ನಗರದ ಮಗ್ಗುಲಿನ ಹಿಂಡಲಗಾ ಕಾರಾಗೃಹದಲ್ಲಿ, ಅತ್ಯಾಚಾರ ಹಾಗೂ ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿದ್ದ ಉಮೇಶ ರೆಡ್ಡಿಯನ್ನು 2006ರಿಂದ 2016ರ ವರೆಗೆ ಏಕಾಂತ ಸೆರೆಯಲ್ಲಿಟ್ಟದ್ದು ಕಾನೂನುಬಾಹಿರವೆಂದೂ, ಅದು ಅವನ ಸ್ವಾಸ್ಥ್ಯದ ಮೇಲೆ ದುಷ್ಪರಿಣಾಮ ಬೀರಿತೆಂದೂ ಕಂಡುಕೊಂಡ ಸರ್ವೋಚ್ಚ ನ್ಯಾಯಾಲಯವು 2022ರ ನವೆಂಬರಿನಲ್ಲಿ ಆ ಶಿಕ್ಷೆಯನ್ನು ಕನಿಷ್ಠ 30 ವರ್ಷಗಳ ಸೆರೆವಾಸಕ್ಕೆ ಇಳಿಸಿತು. ಅವನ ಮನಸ್ಸು ಯಾವ ಬಗೆಯದೆಂದು ದೂರದಿಂದ ಹೇಳುವುದು ನಮಗೆ ಸಲ್ಲದು. ಆದರೆ ಅಂಥ ದಶಕವೊಂದರ ಬಳಿಕ ಯಾವ ಕೈದಿಯ ಎದುರಿಗೇ ಆಗಲಿ ಅಂಕಪಟ್ಟಿ ಹಿಡಿದು ಕೂರುವ ಪರೀಕ್ಷಕನು, ಭಾವಶೂನ್ಯತೆಯಲ್ಲಿ ಹುಟ್ಟುಗುಣವೆಷ್ಟು, ಆ ಕೋಣೆಯ ಕಾಣಿಕೆಯೆಷ್ಟು ಎಂಬುದನ್ನು ಮೊದಲು ಬೇರ್ಪಡಿಸಬೇಕಾಗುವುದು.