ಸಾಸಿವೆ ತಿಂದ ಹಸು, ಮೂವತ್ತಾರು ಫೋಟೊ

ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನದ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲಿದೆ. ಹದಿಮೂರನೇ ಶತಮಾನದ ಕೆಲಸ, ಬಳಪದ ಕಲ್ಲು. ಫಿಲ್ಮ್ ರೀಲಿನ ಕಾಲದಲ್ಲಿ ಕ್ಯಾಮೆರಾ ಹಿಡಿದು ಬಂದವರು ಆ ಆನೆಗಳ ಮುಂದೆ ಲೆಕ್ಕ ಹಾಕುತ್ತಾ ನಿಲ್ಲುತ್ತಿದ್ದರು: ರೀಲಿಗೆ ಇರುವುದು 36 ಫೋಟೊ, ಬೇಲೂರು, ಹಳೇಬೀಡು ಇನ್ನೂ ಬಾಕಿ.

ಆ ರೀಲು ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ಜೆಲಟಿನ್. ದನದ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟು. ಅದರ ತುಂಬ ಸಿಲ್ವರ್ ಬ್ರೋಮೈಡ್ ಹರಳು. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ನಾಲ್ಕೈದು ಪರಮಾಣು ಒಂದೆಡೆ ಕೂಡಿಕೊಂಡರೆ ಸಾಕು. ಡೆವಲಪರ್‌ನಲ್ಲಿ ಅದ್ದಿದಾಗ ಆ ಚುಕ್ಕೆಯಿಂದ ಶುರುವಾಗಿ ಇಡೀ ಹರಳು ಬೆಳ್ಳಿಯಾಗಿ ಕಪ್ಪಾಗುತ್ತದೆ. ಬೆಳಕು ಸೋಕದ್ದನ್ನು ಹೈಪೋ ಎಂಬ ದ್ರಾವಣ ಕರಗಿಸಿಬಿಡುತ್ತದೆ. ಹಾಗಾಗಿ ನೆಗೆಟಿವ್‌ನಲ್ಲಿ ಬಿಸಿಲಿಗೆ ಹೊಳೆದ ಸೊಂಡಿಲು ಕಪ್ಪು, ನೆರಳಲ್ಲಿದ್ದ ಹೊಟ್ಟೆ ಬಿಳಿ.

ಬೆಳಕಿಗೆ ಒಂದು ಜೆಲಟಿನ್ ಚುರುಕು, ಇನ್ನೊಂದು ಮಂದ ಏಕೆ ಎಂದು 1920ರ ದಶಕದಲ್ಲಿ ಕೊಡಕ್‌ನ ಸ್ಯಾಮ್ಯುಯಲ್ ಶೆಪರ್ಡ್ ಹುಡುಕುತ್ತಾ ಹೋದರು. ಚುರುಕಾದದ್ದರಲ್ಲಿ ಸಿಕ್ಕಿದ್ದು ಗಂಧಕದ ಲೇಶ. ದನಗಳು ಮೇಯ್ದ ಸಾಸಿವೆ ಜಾತಿಯ ಗಿಡದಿಂದ ಬಂದದ್ದು!

ಇಷ್ಟು ನಾಜೂಕಿನ ಲೇಪವನ್ನು ಬಳಿಯುವ ಯಂತ್ರ ಮಾತ್ರ ದೈತ್ಯ. ಕಗ್ಗತ್ತಲಲ್ಲಿ, ಕಿಲೋಮೀಟರ್‌ಗಟ್ಟಲೆ ಹಾಳೆಗೆ, ಒಂದೇ ಸಮನೆ ಪದರ ಪದರವಾಗಿ ಬಳಿಯುತ್ತದೆ. ಡಿಜಿಟಲ್ ಬಂದು ಗಿರಾಕಿ ಕಡಿಮೆಯಾದರೆಂದು ಅದು ಚಿಕ್ಕದಾಗದು. ಜಾತ್ರೆಯ ಕೊಪ್ಪರಿಗೆಯಲ್ಲಿ ಪಾವಕ್ಕಿ ಬೇಯಿಸಿದ ಹಾಗೆ. ನಮ್ಮ ಪಕ್ಕದ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ ‘ಇಂದು’ ಹೆಸರಿನ ಫಿಲ್ಮ್ ಮಾರಿದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಬಾಗಿಲು ಹಾಕಿತು. ಕೊಡಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು.

ಆದರೂ ಕೊಡಕ್‌ನ ಯಂತ್ರ ನಿಂತಿಲ್ಲ. ಕಾರಣ, ನಮ್ಮ ನಿಮ್ಮ ಹಳೆಯ ಕ್ಯಾಮೆರಾ ಪ್ರೀತಿ ಎನ್ನುವುದಕ್ಕಿಂತ ಸಿನಿಮಾ ಎನ್ನಬೇಕು. ಹಾಲಿವುಡ್ ಸ್ಟುಡಿಯೋಗಳು 2015ರಲ್ಲಿ ಕೊಡಕ್‌ನಿಂದ ಫಿಲ್ಮ್ ಕೊಳ್ಳುವ ಕರಾರು ಮಾಡಿಕೊಂಡವು. ‘ಆಪನ್‌ಹೈಮರ್’ ಚಿತ್ರಕ್ಕೆಂದೇ 65 ಮಿ.ಮೀ. ಕಪ್ಪು-ಬಿಳುಪು ಫಿಲ್ಮ್ ಹೊಸದಾಗಿ ತಯಾರಾಯಿತು. ಯಂತ್ರ ಓಡುತ್ತಿದ್ದಾಗ, 2012ರಲ್ಲಿ ನಿಂತಿದ್ದ ಕೊಡಕ್‌ನ ಸ್ಲೈಡ್ ಫಿಲ್ಮ್ ಎಕ್ಟಾಕ್ರೋಮ್ ಕೂಡ 2018ರಲ್ಲಿ ಮರಳಿತು. ಸಿನಿಮಾದವರು ಕೈಬಿಟ್ಟ ದಿನ ಕೊಡಕ್‌ನ ಫೋಟೊ ರೀಲೂ ಕಷ್ಟಕ್ಕೆ ಬೀಳುತ್ತದೆ ಎಂದೇ ನನ್ನ ಲೆಕ್ಕ.

ಅಲ್ಲಿಯವರೆಗೆ, ಅಜ್ಜನ ಕ್ಯಾಮೆರಾ ಹಿಡಿದು ಹಾರನಹಳ್ಳಿಗೆ ಬರುವವರು 400 ಐಎಸ್‌ಒ ರೀಲನ್ನೇ ತನ್ನಿ. ದೇವಸ್ಥಾನದ ಒಳಮಂಟಪವಾದ ನವರಂಗದಲ್ಲಿ ಬೆಳಕು ಕಡಿಮೆ. ಫ್ಲ್ಯಾಶ್ ಹೊಡೆದರೆ ನುಣ್ಣನೆಯ ಕಂಬದ ಮೇಲೆ ಬರೀ ಬಿಳಿ ಚುಕ್ಕೆ ಸಿಗುತ್ತದೆ.