ಹಡಗಿನ ಕೆಲಸಗಾರರಿಗೆ ಚನ್ನಪಟ್ಟಣದ ಬೊಂಬೆ

ಕೊಯ್ಲು ಮುಗಿಸಿ ಮುಂಬಯಿ, ಕೊಚ್ಚಿಯಲ್ಲಿ ವಿಹಾರ ಹಡಗು ಏರುವ ಸದಸ್ಯ ಬಾಂಧವರು ಈಚೆಗೆ ಇದ್ದಾರೆ. ಅಲ್ಲಿನ ಕೆಲಸಗಾರರಿಗೆ ಏನು ಕೊಡಬೇಕೆಂದು ಕೇಳುತ್ತಾರೆ.

ಅನೇಕ ಹಡಗುಗಳಲ್ಲಿ ದಿನಕ್ಕೆ, ತಲೆಗೆ ಇಂತಿಷ್ಟು ಎಂದು ಭಕ್ಷೀಸನ್ನು ಪ್ರಯಾಣಿಕರ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಕೋಣೆ ಗುಡಿಸುವವನಿಗೆ, ಬಡಿಸುವವನಿಗೆ, ಕೆಲವೆಡೆ ನಮ್ಮ ಕಣ್ಣಿಗೇ ಬೀಳದ ಬಟ್ಟೆ ಒಗೆಯುವವರಿಗೂ ಅದು ಹಂಚಿಕೆಯಾಗುತ್ತದೆ. ಕೌಂಟರಿಗೆ ಹೋಗಿ ಅದನ್ನು ತೆಗೆಸುವ ಜಾಣರೂ ಉಂಟು. ತೋಟದ ಆಳಿನ ಬಟವಾಡೆ ಹಿಡಿದಂತೆಯೇ ಇದು. ಆರರಿಂದ ಒಂಬತ್ತು ತಿಂಗಳ ಕರಾರಿನ ಮೇಲೆ ಮನೆ ಬಿಟ್ಟು ಬಂದವರು ಅವರು. ಮಂಗಳೂರು, ಗೋವೆಯ ಹುಡುಗರೂ ಅವರಲ್ಲಿದ್ದಾರೆ.

ಅದರ ಮೇಲೆ ಪ್ರೀತಿಯಿಂದ ಏನಾದರೂ ಕೊಡಬೇಕೆನಿಸಿದರೆ ಚನ್ನಪಟ್ಟಣದ ಬೊಂಬೆ ಕೊಳ್ಳಿ. 2023ರಲ್ಲಿ ತೆರೆದ ಹೊಸ ಹೆದ್ದಾರಿ ಊರನ್ನು ಬಳಸಿ ಹೋಗುತ್ತದೆ, ನೀವೇ ಒಳಕ್ಕೆ ತಿರುಗಬೇಕು. ಅಂಗಡಿಯವರಿಗೂ ಅದು ಉಪಕಾರ. ಆಲೆಮರ ಹಗುರ, ಕಡೆಯುವಾಗಲೇ ಬಿಸಿಗೆ ಕರಗಿ ಹಿಡಿದ ಅರಗಿನ ಬಣ್ಣ ಬೇಗ ಹೋಗದು. ಅಂಗೈಯಗಲದ್ದು ಸಾಕು, ಅವರದು ಹಂಚಿಕೊಂಡ ಗೂಡಿನಂಥ ಕೋಣೆ. ಕಾಫಿಪುಡಿ ಬೇಡ (ಕಾರ್ಯದರ್ಶಿಯೇ ಹೀಗೆನ್ನುವುದೇ ಎನ್ನಬೇಡಿ), ಅಲ್ಲಿ ಒಲೆ ಹಚ್ಚುವಂತಿಲ್ಲ.

ಬೊಂಬೆ ಕೊಟ್ಟೆನೆಂದು ನಗದು ಹಿಡಿಯಬೇಡಿ. ಇಳಿಯುವಾಗ ಅಭಿಪ್ರಾಯದ ಚೀಟಿಯಲ್ಲಿ ಕೆಲಸಗಾರನ ಹೆಸರನ್ನು ತಪ್ಪಿಲ್ಲದೆ ಬರೆಯಿರಿ. ಮೇಲಿನವರು ಅದನ್ನು ನೋಡುತ್ತಾರೆ.