ಬಡಗಿಯ ಹಲಗೆಯ ಮೇಲೆ ದೀರ್ಘವೃತ್ತ

ವೃತ್ತ ಬರೆಯಲು ಒಂದು ಮೊಳೆ, ಒಂದು ದಾರ ಸಾಕು. ಆದರೆ ಊಟದ ಮೇಜಿಗೆ ಅಂಡಾಕಾರದ ಹಲಗೆ ಬೇಕೆಂದಾಗ ಕೈವಾರ ಸೋಲುತ್ತದೆ. ದೊಡ್ಡ, ಚಿಕ್ಕ ವೃತ್ತಗಳ ತುಣುಕುಗಳನ್ನು ಜೋಡಿಸಿ ಬರೆಯುವುದುಂಟು. ಅವು ಕೂಡುವಲ್ಲಿ ಬಾಗು ಥಟ್ಟನೆ ಬದಲಾಗುವುದನ್ನು ಕಣ್ಣು ಹಿಡಿದುಬಿಡುತ್ತದೆ. ನಿಜವಾದ ದೀರ್ಘವೃತ್ತದಲ್ಲಿ ಬಾಗು ಸ್ವಲ್ಪಸ್ವಲ್ಪವೇ ಬದಲಾಗುತ್ತ ಹೋಗುತ್ತದೆ.

ಇದನ್ನು ಬರೆಯಲು ಪಠ್ಯಪುಸ್ತಕ ಹೇಳುವುದು ಎರಡು ಮೊಳೆ, ಒಂದು ದಾರದ ವಿಧಾನ. ಮೇಜಿನ ಉದ್ದ 100 ಸೆಂ.ಮೀ., ಅಗಲ 60 ಸೆಂ.ಮೀ. ಎಂದಿಟ್ಟುಕೊಳ್ಳಿ. ಹಲಗೆಯ ನಡುವೆ ಉದ್ದಗೆರೆ, ಅದಕ್ಕೆ ಲಂಬವಾಗಿ ಅಡ್ಡಗೆರೆ ಎಳೆಯಬೇಕು. ಅಡ್ಡಗೆರೆಯ ತುದಿಯಿಂದ ಉದ್ದಗೆರೆಗೆ ಎರಡೂ ಕಡೆ 50 ಸೆಂ.ಮೀ. ಅಳೆದರೆ ನಾಭಿಗಳು ಸಿಗುತ್ತವೆ. ಪೈಥಾಗೊರಸನ ಪ್ರಮೇಯದಂತೆ ಅವು ಕೇಂದ್ರದಿಂದ 40 ಸೆಂ.ಮೀ. ದೂರದಲ್ಲಿರುತ್ತವೆ. ಅಲ್ಲಿ ಮೊಳೆ ಹೊಡೆದು, ನಡುವೆ 100 ಸೆಂ.ಮೀ. ಉಳಿಯುವಂತೆ ದಾರ ಕಟ್ಟಿ, ಪೆನ್ಸಿಲಿನಿಂದ ಬಿಗಿಹಿಡಿದು ಸುತ್ತಿದರೆ ಆಕಾರ ಮೂಡುತ್ತದೆ. ಗೆರೆಯ ಯಾವ ಬಿಂದುವಿನಿಂದಲೂ ನಾಭಿಗಳಿಗಿರುವ ದೂರಗಳ ಮೊತ್ತ 100 ಸೆಂ.ಮೀ.

ತತ್ತ್ವ ಸರಿ. ಆದರೆ ದಾರ ಹಿಗ್ಗುತ್ತದೆ, ಪೆನ್ಸಿಲ್ ವಾಲುತ್ತದೆ. ಹೊರಟ ಗೆರೆ ಹೊರಟಲ್ಲಿಗೇ ಬಂದು ಸೇರದು.

ಹಿಗ್ಗದ ಸಾಧನವೆಂದರೆ ನೇರವಾದ ಮರದ ಪಟ್ಟಿ. ಅದರ ತುದಿಯಿಂದ 30 ಮತ್ತು 50 ಸೆಂ.ಮೀ. ದೂರದಲ್ಲಿ ಗುರುತು ಹಾಕಬೇಕು. 30ರ ಗುರುತು ಸದಾ ಉದ್ದಗೆರೆಯ ಮೇಲೆ, 50ರ ಗುರುತು ಸದಾ ಅಡ್ಡಗೆರೆಯ ಮೇಲೆ ಇರುವಂತೆ ಪಟ್ಟಿಯನ್ನು ಸರಿಸುತ್ತ, ತುದಿ ನಿಂತಲ್ಲೆಲ್ಲ ಚುಕ್ಕೆ ಇಡಬೇಕು. ಚುಕ್ಕೆಗಳನ್ನು ಕೂಡಿಸಿದರೆ ಅದೇ ದೀರ್ಘವೃತ್ತ. ಪಟ್ಟಿ ಉದ್ದಗೆರೆಯೊಡನೆ ಮಾಡುವ ಕೋನದಿಂದ ಲೆಕ್ಕ ಹಾಕಿದರೆ ಪಿಯುಸಿ ವಿದ್ಯಾರ್ಥಿಗಳಿಗೆ ಪರಿಚಿತ ಸಮೀಕರಣವೇ ಬರುತ್ತದೆ. ಗೆರೆಗಳ ಬದಲು ಗಾಡಿ ಕೊರೆದು, ಗುರುತುಗಳಿಗೆ ಗೂಟ ಜೋಡಿಸಿದ ಉಪಕರಣವನ್ನು ಆರ್ಕಿಮಿಡೀಸನ ಹೆಸರಿನಿಂದ ಕರೆಯುತ್ತಾರೆ. ತುದಿಗೆ ರೂಟರ್ ಯಂತ್ರ ಕಟ್ಟಿದರೆ ಅದು ಮರವನ್ನೇ ಕೊರೆಯುತ್ತದೆ.

ಯಂತ್ರವಿಲ್ಲದವರು ಕಾಲು ಭಾಗವನ್ನು ಮಾತ್ರ ರಟ್ಟಿನಲ್ಲಿ ಬರೆದು ಕತ್ತರಿಸಿ, ಮಗುಚುತ್ತ ನಾಲ್ಕು ಬಾರಿ ಹಲಗೆಯ ಮೇಲೆ ಪಡಿಮೂಡಿಸಬಹುದು. ಆಗ ನಾಲ್ಕೂ ಕಡೆ ಒಂದೇ ಸಮ. ಗರಗಸವನ್ನು ಗೆರೆಯಿಂದ ಎರಡು ಮಿ.ಮೀ. ಹೊರಗೇ ಓಡಿಸಿ, ಉಳಿದದ್ದನ್ನು ಅರದಿಂದ ಉಜ್ಜಬೇಕು. ಮರದ ಎಳೆ ಉದ್ದಕ್ಕೆ ಇದ್ದರೆ ನಡುವಿನಿಂದ ತುದಿಯ ಕಡೆಗೆ ಉಜ್ಜಿದಾಗ ಸಿಬಿರು ಏಳುವುದಿಲ್ಲ.

ಮನೆಯಲ್ಲಿ ಮಕ್ಕಳು ಮೊದಲು ರಟ್ಟಿನ ಮೇಲೆ ಮಾಡಿ ನೋಡಲಿ: ಉದ್ದ 10 ಸೆಂ.ಮೀ., ಅಗಲ 6 ಸೆಂ.ಮೀ. ಒಂದು ಬಾರಿ ದಾರ, ಇನ್ನೊಂದು ಬಾರಿ ಪಟ್ಟಿ. ಎರಡು ಗೆರೆಗಳು ಎಲ್ಲಿ ಅಗಲುತ್ತವೆ ಎಂಬುದನ್ನು ಅಲ್ಲೇ ಕಾಣಬಹುದು. ರಟ್ಟು ಕೆಟ್ಟರೆ ಇನ್ನೊಂದು ಸಿಕ್ಕೀತು. ತಪ್ಪಾಗಿ ಕೊಯ್ದ ತೇಗದ ಹಲಗೆ ಮತ್ತೆ ಕೂಡದು.